ಮರುಭೂಮಿಯಲ್ಲೊಂದು ಪಚ್ಚೆ ಕಡಲು

ಕಪ್ಪು ಲಾವಾ ಕಲ್ಲಿನ ದಿಬ್ಬ. ಹುಲ್ಲಿಲ್ಲ, ಮರವಿಲ್ಲ, ಕಣ್ಣು ಹಾಯುವಷ್ಟು ದೂರವೂ ಸುಟ್ಟು ಕರಕಲಾದಂಥ ಬಂಡೆಗಳೇ. ಗಾಡಿ ಒಂದನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಏರುತ್ತದೆ, ನೆತ್ತಿ ಮುಟ್ಟುತ್ತದೆ, ಅಷ್ಟೇ, ಕೆಳಗೆ ಕಡಲು! ಹೌದು, ಕಡಲೇ. ಅಲೆಗಳಿವೆ, ಅಲೆಗಳ ತುದಿಯಲ್ಲಿ ಬಿಳಿ ನೊರೆಯಿದೆ, ನಡುವೆ ದ್ವೀಪವಿದೆ, ಆಚೆ ದಡ ಬಿಸಿಲಿನ ಮಬ್ಬಿನಲ್ಲಿ ಕರಗಿಹೋಗಿದೆ. ಬಣ್ಣ ಮಾತ್ರ ನಮ್ಮ ಕರಾವಳಿಯ ಸಮುದ್ರದ್ದಲ್ಲ, ಪಚ್ಚೆಕಲ್ಲಿನದು. ಗಾಡಿಯಲ್ಲಿದ್ದವರೆಲ್ಲ ಕೆಳಗಿಳಿದೆವು. ಯಾರಿಗೂ ಮಾತು ಹೊರಡಲಿಲ್ಲ. ಹೊರಟಿದ್ದರೂ ಆ ಗಾಳಿಯಲ್ಲಿ ಕೇಳಿಸುತ್ತಿರಲಿಲ್ಲ.

ಇದು ತುರ್ಕಾನ ಸರೋವರ. ಕೀನ್ಯಾದ ಉತ್ತರದ ತುದಿಯಲ್ಲಿ, ಇಥಿಯೋಪಿಯಾದ ಗಡಿಗೆ ತಾಗಿಕೊಂಡಿದೆ. ವಿಸ್ತಾರ ಸುಮಾರು 6,400 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯಂಥವು ಹೆಚ್ಚುಕಡಿಮೆ ಮೂರು ಇದರಲ್ಲಿ ಮುಳುಗುತ್ತವೆ. ಉದ್ದ ಎಷ್ಟೆಂದರೆ ಬೆಂಗಳೂರಿನಿಂದ ದಾವಣಗೆರೆಯವರೆಗೆ ನೀರೇ ನೀರು! ಮರುಭೂಮಿಯಲ್ಲಿ ಶಾಶ್ವತವಾಗಿ ನಿಂತಿರುವ ಸರೋವರಗಳಲ್ಲಿ ಜಗತ್ತಿಗೇ ದೊಡ್ಡದು. ಈ ನೀರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇಥಿಯೋಪಿಯಾದ ಬೆಟ್ಟಗಳಿಂದ ಓಮೊ ನದಿ ಹೊತ್ತು ತರುವಂಥದ್ದು. ಬಂದ ನೀರಿಗೆ ಹೊರಹೋಗುವ ದಾರಿಯೇ ಇಲ್ಲ. ಬಿಸಿಲೇ ಕುಡಿಯಬೇಕು. ಹಾಗೆ ಕುಡಿದು ಕುಡಿದು ಉಳಿದ ಲವಣದಿಂದಲೇ ನೀರು ಕ್ಷಾರವಾಗಿದೆ. ಗಾಳಿ ತಗ್ಗಿದಾಗ ಪಾಚಿ ಮೇಲೆದ್ದು ಆ ಪಚ್ಚೆ ಬಣ್ಣ ಏರುತ್ತದೆ.

ನೈರೋಬಿಯಲ್ಲಿರುವ ನಾವು ಕನ್ನಡಿಗರು ರಜೆ ಸಿಕ್ಕರೆ ಮಸಾಯಿ ಮಾರಾ, ನೈವಾಶಾ, ಮೊಂಬಾಸಾ ಎನ್ನುತ್ತೇವೆ. ಊರಿಂದ ಅಪ್ಪ ಅಮ್ಮ ಬಂದರೂ ಅದೇ ಸುತ್ತು. ಉತ್ತರ ಎಂದರೆ ನನ್ಯೂಕಿಗೆ ಮುಗಿದೇಹೋಗುತ್ತದೆ. ನನ್ಯೂಕಿಯ ಆಚೆಗೆ ಕೀನ್ಯಾದ ಅರ್ಧದಷ್ಟು ಭೂಮಿ ಬಿದ್ದುಕೊಂಡಿದೆಯಲ್ಲ! ಅಲ್ಲಿಗೆ ಹೋಗಬೇಕು, ದಡದಲ್ಲಿ ಡೇರೆ ಹಾಕಿ ಮಲಗಬೇಕು ಎಂದು ತಯಾರಿಗೆ ಕೂತಾಗ ಒಂದು ಸಂಗತಿ ಮೆಲ್ಲಗೆ ಹೊಳೆಯಿತು. ಎಷ್ಟು ನೀರು, ಎಂಥ ಗಾಡಿ, ಯಾವ ದಾರಿ, ಏನು ಅಡುಗೆ ಎಂಬ ಒಂದೊಂದು ಸಣ್ಣ ಪ್ರಶ್ನೆಯ ಹಿಂದೆಯೂ ಮೈ ಜುಮ್ಮೆನಿಸುವ ಕತೆಯೊಂದು ಕಾದು ಕೂತಿದೆ.

ತಯಾರಿಯನ್ನು ನೈರೋಬಿಯ ಮ್ಯೂಸಿಯಂ ಹಿಲ್‌ನಿಂದಲೇ ಶುರು ಮಾಡಿ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆಯಿದ್ದವರಿಗೆ ಅದು ಪಕ್ಕದ ಬೀದಿ ಎನ್ನುವಷ್ಟು ಹತ್ತಿರ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿ ಹುಡುಗನೊಬ್ಬ ನಿಂತಿದ್ದಾನೆ. ಸುಮಾರು 15 ಲಕ್ಷ ವರ್ಷಗಳ ಹಿಂದಿನ ಹುಡುಗ! 1984ರಲ್ಲಿ ತುರ್ಕಾನದ ಪಶ್ಚಿಮ ದಡದ ನರಿಯೊಕೊಟೊಮೆಯಲ್ಲಿ, ಕೀನ್ಯಾದವರೇ ಆದ ಕಮೋಯ ಕಿಮೆಯು ಅವರ ಕಣ್ಣಿಗೆ ಬಿದ್ದದ್ದು ಕಲ್ಲುಗಳ ನಡುವಿನ ತಲೆಬುರುಡೆಯ ಒಂದು ಚೂರು. ಅದರ ಬಣ್ಣವೂ ಸುತ್ತಲಿನ ಕಲ್ಲಿನದೇ. ಆ ಚೂರು ಹಿಡಿದು ಅಗೆಯುತ್ತಾ ಹೋದರೆ ಪಕ್ಕೆಲುಬು, ಬೆನ್ನುಮೂಳೆ, ತೊಡೆಮೂಳೆ, ಹೆಚ್ಚುಕಡಿಮೆ ಇಡೀ ಅಸ್ಥಿಪಂಜರ. ತುರ್ಕಾನ ಬಾಲಕ ಎಂದು ಜಗತ್ತೇ ಕರೆಯುವುದು ಇವನನ್ನು. ಅದೇ ದಡದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಹತಾರಗಳ ವಯಸ್ಸನ್ನು 2015ರಲ್ಲಿ ಪ್ರಕಟಿಸಿದಾಗ ಪಂಡಿತರೇ ಬೆಚ್ಚಿದರು, 33 ಲಕ್ಷ ವರ್ಷ! ನಾವು ಡೇರೆ ಹೊತ್ತು ಹೊರಟಿರುವುದು ಅಂಥ ದಡಕ್ಕೆ. ಅಲ್ಲಿ ನಮಗಿಂತ ಮೊದಲು ಬಿಡಾರ ಹೂಡಿದವರು ಯಾರೆಂದು ಆ ಕೋಣೆಯಲ್ಲಿ ನಿಂತು ನೋಡಿಕೊಂಡೇ ಹೊರಡಬೇಕು.

ಇನ್ನು ಗಾಡಿ. ಅಮೆರಿಕದಲ್ಲಿರುವ ನೆಂಟರ ಫೋಟೊಗಳಲ್ಲಿ ಮಂಚ, ಒಲೆ, ಶೌಚಾಲಯ ಎಲ್ಲ ಒಳಗೇ ಇರುವ ಬಸ್ಸಿನಂಥ ಮನೆಗಾಡಿ ನೋಡುತ್ತೇವಲ್ಲ, ಅದು ಈ ದಾರಿಗೆ ಆಗುವುದಿಲ್ಲ. ಲೈಸಾಮಿಸ್‌ನಲ್ಲಿ ಟಾರು ಬಿಟ್ಟ ಮೇಲೆ ರಸ್ತೆಯ ಮೈತುಂಬ ಅಡ್ಡಡ್ಡ ಏರಿಳಿತಗಳು. ಚಕ್ರಗಳು ಪುಟಿದು ಪುಟಿದು ತಾವೇ ಮಾಡಿಟ್ಟ ಏಣಿ ಅದು. ಗಂಟೆಗಟ್ಟಲೆ ಅದರ ಮೇಲೆ ಓಡಿದರೆ ಕಪಾಟಿನ ಬಾಗಿಲಿರಲಿ, ಬಿಗಿದ ಬೋಲ್ಟುಗಳೂ ತಾವಾಗಿ ಬಿಚ್ಚಿಕೊಳ್ಳುತ್ತವೆ. ಇಲ್ಲಿಯವರ ಮನೆಗಾಡಿ ಎಂದರೆ ಲ್ಯಾಂಡ್ ಕ್ರೂಸರ್, ಅದರ ನೆತ್ತಿಯ ಮೇಲೆ ಮಡಚಿಡುವ ಡೇರೆ, ಹಿಂದೆ ಎಳೆದು ತೆಗೆಯುವ ಅಡುಗೆಯ ಪೆಟ್ಟಿಗೆ. ಇಂಥವು ನೈರೋಬಿಯಲ್ಲಿ ಬಾಡಿಗೆಗೆ ಸಿಗುತ್ತವೆ.

ನಮ್ಮ ಗಾಡಿಗೆ ಡೇರೆ ಕೂರಿಸಿದ್ದು ಕಿರಿನ್ಯಾಗ ರಸ್ತೆಯ ಹತ್ತಿರದ ಬಯಲು ಗ್ಯಾರೇಜಿನಲ್ಲಿ. ಜುವಾ ಕಾಲಿ ಎಂದು ಕರೆಯುವ ಈ ಬಿಸಿಲ ಕಾರ್ಖಾನೆಗಳಿಗೆ ಮಾಡು ಇರುವುದಿಲ್ಲ, ಕೈಚಳಕಕ್ಕೆ ಕೊನೆ ಇರುವುದಿಲ್ಲ. ಫುಂಡಿ, ಅಂದರೆ ಮೇಸ್ತ್ರಿ, ಡೇರೆಯ ಜೊತೆ ಬಂದ ಹೊಳೆಯುವ ಕೊಂಡಿಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ, ತಲೆ ಅಲ್ಲಾಡಿಸಿದ, ಪಕ್ಕಕ್ಕಿಟ್ಟ. ಹಳೆಯ ಲಾರಿಯ ಚಾಸಿಯಿಂದ ಕೊಯ್ದ ಉಕ್ಕಿನ ಪಟ್ಟಿಯೊಂದನ್ನು ತಂದು, ಅಳೆದು, ಬಗ್ಗಿಸಿ, ತೂತು ಕೊರೆದು, ಅದರ ಮತ್ತು ಗಾಡಿಯ ನಡುವೆ ಹಳೇ ಟೈರಿನ ರಬ್ಬರು ತುಂಡು ಕೊಟ್ಟು ಬಿಗಿದ. ಪ್ರತಿ ಬೋಲ್ಟಿನ ಮೇಲೂ ನಟ್ಟಿನ ಮೇಲೂ ಒಟ್ಟಿಗೆ ಹಾಯುವಂತೆ ಬಿಳಿ ಬಣ್ಣದ ಒಂದು ಗೀಟು ಎಳೆದ. ಸಂಜೆ ಬಿಡಾರ ಹೂಡಿದಾಗ ಗೀಟು ನೇರವಾಗಿದ್ದರೆ ಸರಿ, ಕದಲಿದ್ದರೆ ಬಿಗಿ ಮಾಡು ಎಂದ. ಎಷ್ಟು ಸರಳ! ದಾರಿಯುದ್ದಕ್ಕೂ ದಿನಾ ಸಂಜೆ ಟಾರ್ಚು ಹಿಡಿದು ಆ ಗೀಟುಗಳನ್ನು ನೋಡುವುದೇ ನಮ್ಮ ಸಂಧ್ಯಾವಂದನೆಯಾಯಿತು.

ಎಣ್ಣೆಯ ಲೆಕ್ಕ ಹೀಗೆ. ಇಸಿಯೊಲೊದಿಂದ ಸರೋವರಕ್ಕೆ ಹೋಗಿ ಇಸಿಯೊಲೊಗೇ ಮರಳಲು ಎಂಟುನೂರು ಕಿಲೋಮೀಟರ್ ಮೀರುತ್ತದೆ. ಲೀಟರಿಗೆ ಏಳು ಕಿಲೋಮೀಟರ್ ಹಿಡಿದರೆ ಸುಮಾರು 115 ಲೀಟರ್. ಸುತ್ತಾಟಕ್ಕೂ ಆಪತ್ತಿಗೂ ಸೇರಿಸಿ 150 ಲೀಟರ್ ಇದ್ದರೆ ನಿಶ್ಚಿಂತೆ. ಸ್ಟೆಪ್ನಿ ಒಂದು ಸಾಲದು, ಎರಡು ಬೇಕು. ಗಾಳಿ ತುಂಬುವ ಪುಟ್ಟ ಕಂಪ್ರೆಸರ್ ಮರೆಯಬಾರದು. ಜಲ್ಲಿ, ಮರಳಿನಲ್ಲಿ ಟೈರಿನ ಗಾಳಿ ಇಳಿಸಿ ಓಡಿಸಬೇಕು, ಟಾರಿಗೆ ಬಂದಾಗ ಮತ್ತೆ ತುಂಬಬೇಕು. ನೀರು ತಲೆಗೆ ದಿನಕ್ಕೆ ಐದು ಲೀಟರ್, ಕುಡಿಯಲಿಕ್ಕೂ ಅಡುಗೆಗೂ ಸೇರಿ. ನಾಲ್ವರು ನಾಲ್ಕು ದಿನಕ್ಕೆ ಹೋದರೆ 80 ಲೀಟರ್, ಅಷ್ಟೇ ಕಿಲೋ ಭಾರ. ಅದನ್ನು ನೆತ್ತಿಗೆ ಹೇರದೆ ಗಾಡಿಯ ತಳದಲ್ಲೇ ಕಟ್ಟಬೇಕು.

ಡಬ್ಬಗಳನ್ನು ತುಂಬಿಸುವಾಗ ನಾದಿನಿ ಕೇಳಿದಳು, "ಅಲ್ಲ ಭಾವ, ಅಷ್ಟು ದೊಡ್ಡ ಸರೋವರಕ್ಕೆ ಹೋಗೋಕೆ ಇಲ್ಲಿಂದ ನೀರು ಹೊತ್ಕೊಂಡು ಹೋಗಬೇಕಾ?" ಹೋಗಲೇಬೇಕು! ಆ ನೀರು ಮೀನಿಗೆ ಸೈ, ಮೊಸಳೆಗೆ ಸೈ, ನಮ್ಮ ಹೊಟ್ಟೆಗಲ್ಲ.

ಅಡುಗೆಯ ಸಾಮಾನಿನಲ್ಲಿ ಒಂದು ಬೆರಗು ಅಡಗಿತ್ತು. ನೈರೋಬಿಯ ಯಾವ ಮಾರುಕಟ್ಟೆಗೆ ಹೋದರೂ ವಿಂಬಿ ಹಿಟ್ಟು ಸಿಗುತ್ತದೆ, ಅದು ನಮ್ಮ ರಾಗಿಯೇ. ಇಲ್ಲಿ ಅದರ ಗಂಜಿ ಕುಡಿದು ಮಕ್ಕಳು ಶಾಲೆಗೆ ಹೋಗುತ್ತಾರೆ. ರಾಗಿ ಹುಟ್ಟಿದ್ದೇ ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಕಡಲು ದಾಟಿ ಮಂಡ್ಯ, ತುಮಕೂರು, ಕೋಲಾರದ ಹೊಲಗಳನ್ನು ಸೇರಿತು. ಓಮೊ ನದಿ ಹರಿದು ಬರುವ ದಿಕ್ಕಿನಿಂದಲೇ ನಮ್ಮ ಮುದ್ದೆಯ ಮೂಲವೂ ಬಂದಿದೆ ಎಂದು ಯೋಚಿಸಿ ನೋಡಿ! ಹುರಿಹಿಟ್ಟು ಮಾಡಿ ಡಬ್ಬಿ ತುಂಬಿಕೊಂಡೆವು. ಇನ್ನೊಂದು ಡಬ್ಬಿಯಲ್ಲಿ ಗೊಜ್ಜವಲಕ್ಕಿ, ಜೊತೆಗೆ ಚಟ್ನಿಪುಡಿ, ನಿಪ್ಪಟ್ಟು. ಗೊಜ್ಜವಲಕ್ಕಿ ಏಕೆ ಮುಖ್ಯ ಎನ್ನುವುದು ಮೊದಲ ರಾತ್ರಿಯೇ ತಿಳಿಯುತ್ತದೆ, ಹೇಳುತ್ತೇನೆ.

ದಾರಿ ಥೀಕಾ ಹೆದ್ದಾರಿ ಹಿಡಿದು, ಸಗಾನಾ, ಕರಾಟಿನಾ ದಾಟಿ ನನ್ಯೂಕಿಗೆ. ಅಲ್ಲಿ ಭೂಮಧ್ಯರೇಖೆ. ಬಲಕ್ಕೆ 5,199 ಮೀಟರಿನ ಕೀನ್ಯಾ ಪರ್ವತ, ಮೋಡ ಸರಿದರೆ ಭೂಮಧ್ಯರೇಖೆಯ ನೆತ್ತಿಯಲ್ಲೇ ಹಿಮ! ರಾತ್ರಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಅಲ್ಲಿಂದ ಟಿಮೌ ಕಡೆಗೆ ಗೋಧಿಯ ಹೊಲಗಳ ನಡುವೆ ರಸ್ತೆ ಎರಡೂವರೆ ಸಾವಿರ ಮೀಟರಿನ ಆಸುಪಾಸಿಗೆ ಏರಿ, ಆಮೇಲೆ ಇಸಿಯೊಲೊ ಕಡೆಗೆ ಬೀಳತೊಡಗುತ್ತದೆ. ಇಳಿಯುತ್ತದೆ ಎಂದರೆ ಸಾಲದು, ಬೀಳುತ್ತದೆ. ಮಕ್ಕಳಿದ್ದರೆ ಮೇಲೆ ಇರುವಾಗ ಖಾಲಿ ನೀರಿನ ಬಾಟಲಿಯೊಂದರ ಮುಚ್ಚಳ ಬಿಗಿದು ಅವರ ಕೈಗೆ ಕೊಡಿ. ಸುಮಾರು 1,100 ಮೀಟರಿನ ಇಸಿಯೊಲೊ ಬರುವಷ್ಟರಲ್ಲಿ ಬಾಟಲಿ ತನ್ನಷ್ಟಕ್ಕೆ ಚಟಚಟ ಎಂದು ಒಳಕ್ಕೆ ಕುಗ್ಗುತ್ತದೆ. ಕಾಣದ ಗಾಳಿಯ ಭಾರವನ್ನು ಕಣ್ಣಾರೆ ನೋಡಬಹುದು. ಸರೋವರದ ಮಟ್ಟ ಇನ್ನೂ ಕೆಳಗೆ, ಸುಮಾರು 360 ಮೀಟರ್. ಬೆಳಿಗ್ಗೆ ಸ್ವೆಟರ್ ಹಾಕಿ ಹೊರಟ ಗಾಡಿಯೇ ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿಲಿಗೆ ಹೋಗಿ ನಿಲ್ಲುತ್ತದೆ.

ಇಸಿಯೊಲೊದ ನಂತರ ಬಣ್ಣಗಳೇ ಬೇರೆ. ಸಂಬುರು ದನಗಾಹಿಗಳ ಕೆಂಪು ಶುಕಾ ಹೊದಿಕೆ, ಒಂಟೆಗಳ ಸಾಲು, ಆರ್ಚರ್ಸ್ ಪೋಸ್ಟಿನಲ್ಲಿ ಎವಾಸೊ ನ್ಯಿರೊ ನದಿ, ಮುಂದೆ ರಸ್ತೆಯ ಪಕ್ಕದಲ್ಲೇ ಗೋಡೆಯಂತೆ ಎದ್ದು ನಿಂತ ಒಲೊಲೊಕ್ವೆ ಬಂಡೆ. ಇಲ್ಲಿಯವರೆಗೆ ನುಣುಪಾದ ಟಾರು. ಅದೇ ಹೆದ್ದಾರಿ ಇಥಿಯೋಪಿಯಾ ಗಡಿಯ ಮೊಯಾಲೆಯವರೆಗೆ ಹೋಗುತ್ತದೆ. ನಾವು ಲೈಸಾಮಿಸ್‌ನಲ್ಲಿ ಎಡಕ್ಕೆ ತಿರುಗಬೇಕು.

ಈ ಎಡದಾರಿಯನ್ನು ಮಾಡಿಕೊಟ್ಟದ್ದು ಯಾರು ಗೊತ್ತೇ? ಗಾಳಿ! ಉತ್ತರದಲ್ಲಿ ಇಥಿಯೋಪಿಯಾದ ಪ್ರಸ್ಥಭೂಮಿ, ದಕ್ಷಿಣದಲ್ಲಿ ಕೀನ್ಯಾ-ಉಗಾಂಡದ ಎತ್ತರದ ಸೀಮೆ, ಎರಡರ ನಡುವಿನ ಕಂದರದಲ್ಲಿ ಹಿಂದೂ ಮಹಾಸಾಗರದ ಗಾಳಿ ನುಗ್ಗಿ, ಇಕ್ಕಟ್ಟಿನಲ್ಲಿ ರಭಸ ಪಡೆದು ವರ್ಷವಿಡೀ ಬೀಸುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ತುರ್ಕಾನ ಜೆಟ್ ಎಂದೇ ಹೆಸರು. ಈ ಗಾಳಿಯನ್ನು ಹಿಡಿಯಲು ಸರಿಮಾ ಎಂಬಲ್ಲಿ 365 ಗಾಳಿಯಂತ್ರಗಳನ್ನು ನೆಟ್ಟರು, ದಿನಕ್ಕೊಂದರಂತೆ ಎಣಿಸಿದರೆ ವರ್ಷಕ್ಕೆ ಸರಿ. ಒಟ್ಟು 310 ಮೆಗಾವಾಟ್. ಮೊಂಬಾಸಾ ಬಂದರಿಗೆ ಬಂದಿಳಿದ ಆ ಉದ್ದುದ್ದ ರೆಕ್ಕೆಗಳನ್ನು ಇಲ್ಲಿಗೆ ಸಾಗಿಸಲು ದಾರಿ ಬೇಕಿತ್ತು. ಅದಕ್ಕೆಂದು ಲೈಸಾಮಿಸ್‌ನಿಂದ 208 ಕಿಲೋಮೀಟರ್ ಕಚ್ಚಾರಸ್ತೆಯನ್ನು ಹದಗೊಳಿಸಿದರು. 2018ರಲ್ಲಿ ವಿದ್ಯುತ್ ಹರಿಯತೊಡಗಿತು, ನಾನೂರು ಕಿಲೋಮೀಟರ್ ಮೀರಿದ ತಂತಿಯ ಮೇಲೆ ನೈರೋಬಿ ಹತ್ತಿರದ ಸುಸ್ವಾಕ್ಕೆ. ನೈರೋಬಿಯ ಮನೆಯಲ್ಲಿ ನಾವು ಮಿಕ್ಸಿ ತಿರುಗಿಸುವಾಗ ಅದರಲ್ಲಿ ತುರ್ಕಾನದ ಗಾಳಿಯ ಪಾಲೂ ಇದೆ! ಆದರೆ ಈ ಭೂಮಿಯಲ್ಲಿ ದನ ಮೇಯಿಸುತ್ತಿದ್ದ ಸಮುದಾಯಗಳು ನ್ಯಾಯಾಲಯಕ್ಕೆ ಹೋದವು, 2021ರಲ್ಲಿ ಮೇರು ಪಟ್ಟಣದ ನ್ಯಾಯಾಲಯ ಭೂಮಿಯ ಹಕ್ಕುಪತ್ರ ಕ್ರಮಬದ್ಧವಾಗಿಲ್ಲ ಎಂದಿತು. ಬೆಟ್ಟದ ಮೇಲೆ ಸಾಲುಗಟ್ಟಿ ತಿರುಗುವ ಆ ಬಿಳಿ ರೆಕ್ಕೆಗಳ ಚೆಲುವಿಗೆ ಮರುಳಾಗುವಾಗ ಅದೂ ನೆನಪಿನಲ್ಲಿರಬೇಕು.

ಆಮೇಲೆ ಆ ಕಪ್ಪು ದಿಬ್ಬ, ಆ ಕಡಲು, ದಡ ಹಿಡಿದು ಉತ್ತರಕ್ಕೆ ಸಾಗಿದರೆ ಲೊಯಾಂಗಲಾನಿ. ಎಲ್ಲಿಂದಲೋ ಒಂದು ಸಿಹಿನೀರಿನ ಬುಗ್ಗೆ ಉಕ್ಕಿ ಇಲ್ಲಿ ಓಯಸಿಸ್ ಮಾಡಿದೆ. ಕೊಂಬೆಯೊಡೆಯುವ ದೂಮ್ ತಾಳೆಮರಗಳ ನೆರಳಲ್ಲಿ ಬಿಡಾರ ಹೂಡುವ ಜಾಗಗಳಿವೆ. ಗುಡಿಸಲಿನಂಥ ಅಂಗಡಿಯಲ್ಲಿ ಸೋಪು, ಸಕ್ಕರೆ, ಚಹಾಪುಡಿ ಸಿಗುತ್ತದೆ, ದುಡ್ಡು ಮೊಬೈಲಿನ ಎಂ-ಪೆಸಾದಲ್ಲಿ ಕೊಡಬಹುದು. ಸಿಗ್ನಲ್ ಹೋದರೆ ಕಷ್ಟ, ಹಾಗಾಗಿ ಚಿಲ್ಲರೆ ನೋಟುಗಳೂ ಇರಲಿ.

ಮಧ್ಯಾಹ್ನ ಗಾಳಿ ತುಸು ತಗ್ಗಿರುತ್ತದೆ. ಇದೇನಪ್ಪ, ಇಷ್ಟೇನಾ ಎನಿಸುತ್ತದೆ. ಕತ್ತಲಾಗಲಿ! ಪೂರ್ವದ ಕುಲಾಲ್ ಬೆಟ್ಟದಿಂದ ಗಾಳಿ ಇಳಿಯುತ್ತದೆ. ಮೊದಲು ತಾಳೆಗರಿಗಳು ಒಮ್ಮೆಲೇ ಒಂದೇ ಕಡೆಗೆ ಬಾಗುತ್ತವೆ, ಆಮೇಲೆ ಮರಳು ಹಾರುತ್ತದೆ, ಆಮೇಲೆ ಒಲೆಯ ಜ್ವಾಲೆ ನೆಲಕ್ಕೆ ಮಲಗಿ ಆರಿಹೋಗುತ್ತದೆ. ಮರೆ ಕಟ್ಟಿದರೂ ಅಷ್ಟೇ. ಈಗ ಗೊಜ್ಜವಲಕ್ಕಿಯ ಡಬ್ಬಿ ತೆರೆಯಿರಿ! ನೀರು ಚಿಮುಕಿಸಿ ಹದ ಮಾಡಿದರೆ ಬೆಂಕಿಯ ಹಂಗಿಲ್ಲದ ಊಟ ಸಿದ್ಧ, ಹುಣಸೆ ಬೆಲ್ಲದ ಘಮದೊಂದಿಗೆ. ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಡೇರೆಯ ಹಗ್ಗಗಳನ್ನು ಚಾಸಿಗೇ ಕಟ್ಟಿದರೂ ನೆತ್ತಿಯ ಮೇಲಿನ ಡೇರೆ ರಾತ್ರಿಯೆಲ್ಲ ದೋಣಿಯಂತೆ ತೂಗಾಡಿತು. ನಸುಕಿನವರೆಗೂ ಭೋರ್ಗರೆತ. ನಿದ್ದೆ ಬರಲಿಲ್ಲ, ಬರಲಿ ಎಂದೂ ಅನಿಸಲಿಲ್ಲ. 365 ಯಂತ್ರಗಳನ್ನು ತಿರುಗಿಸುವ ಗಾಳಿ ಮುಖಕ್ಕೆ ಬಡಿಯುತ್ತಿರುವಾಗ ಯಾರಿಗೆ ನಿದ್ದೆ ಬೇಕು!

ಒಮ್ಮೆ ಡೇರೆಯಿಂದ ತಲೆ ಹೊರಹಾಕಿ ಆಕಾಶ ನೋಡಿ. ಜೂನ್ ತಿಂಗಳ ಮುಸ್ಸಂಜೆ ಕಳೆದ ಮೇಲೆ ಉತ್ತರಕ್ಕೆ ಸಪ್ತರ್ಷಿ ಮಂಡಲ, ತಿರುಗಿದರೆ ದಕ್ಷಿಣಕ್ಕೆ ತ್ರಿಶಂಕು, ಎರಡೂ ಒಂದೇ ಆಕಾಶದಲ್ಲಿ. ದೊಡ್ಡ ಊರಿನ ಬೆಳಕು ಹತ್ತಿರದಲ್ಲೆಲ್ಲೂ ಇಲ್ಲ.

ಬೆಳಿಗ್ಗೆ ಎಲ್ ಮೊಲೊ ಜನರ ಊರಿಗೆ ಹೋಗಿ. ಕೀನ್ಯಾದ ಅತ್ಯಂತ ಸಣ್ಣ ಸಮುದಾಯಗಳಲ್ಲಿ ಒಂದು. ಸುತ್ತಲಿನವರೆಲ್ಲ ದನ, ಒಂಟೆ, ಮೇಕೆ ಸಾಕಿದರೆ ಇವರು ಸರೋವರವನ್ನೇ ನಂಬಿ ಮೀನು ಹಿಡಿದವರು. ತಮ್ಮ ಹಳೆಯ ಭಾಷೆಯನ್ನು ಕಳೆದುಕೊಂಡು ಈಗ ಸಂಬುರು ಮಾತಾಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಸರೋವರ ಏರಿ ಏರಿ ಅವರ ಕೊಮೊಟೆ ಎಂಬ ಊರು ದ್ವೀಪವೇ ಆಗಿಹೋಯಿತು, ಮಕ್ಕಳು ಶಾಲೆಗೆ ದೋಣಿಯಲ್ಲಿ ಹೋಗಬೇಕಾಯಿತು. ವಿಚಿತ್ರ ನೋಡಿ, ಎಲ್ಲರೂ ಹೆದರಿದ್ದು ಇದಕ್ಕೆ ತಿರುವುಮುರುವಾದದ್ದಕ್ಕೆ. ಓಮೊ ನದಿಗೆ ಇಥಿಯೋಪಿಯಾ ಕಟ್ಟಿದ ಗಿಬೆ-3 ಅಣೆಕಟ್ಟು 2016ರಲ್ಲಿ ಉದ್ಘಾಟನೆಯಾಯಿತು. ಸರೋವರ ಒಣಗೀತು ಎಂಬ ಆತಂಕ ಹಬ್ಬಿತು. 1997ರಿಂದ ವಿಶ್ವಪರಂಪರೆಯ ತಾಣವಾಗಿರುವ ಇಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ಯುನೆಸ್ಕೊ 2018ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿತು. ಸರೋವರ ಸದ್ಯಕ್ಕೆ ಯಾರ ಲೆಕ್ಕಕ್ಕೂ ಸಿಗದೆ ಉಕ್ಕಿದೆ. ಮುಂದೆ ಏನಾದೀತೆಂಬ ಚಿಂತೆ ಮಾತ್ರ ಕರಗಿಲ್ಲ.

ಸರೋವರದ ನಡುವಿನ ದಕ್ಷಿಣದ್ವೀಪ ದೂರದಿಂದ ಚೆಂದ. ದೋಣಿಯವರನ್ನು ಪುಸಲಾಯಿಸಿ ಹೊರಡಬೇಡಿ. 1934ರಲ್ಲಿ ವಿವಿಯನ್ ಫುಕ್ಸ್ ಅವರ ಅನ್ವೇಷಣಾ ತಂಡದ ಇಬ್ಬರು ಆ ದ್ವೀಪಕ್ಕೆ ಹೋದವರು ತಿರುಗಿ ಬರಲೇ ಇಲ್ಲ. ದಡದಲ್ಲಿ ಈಜುವ ಆಸೆಗೂ ಕಡಿವಾಣ ಇರಲಿ, ನೈಲ್ ಮೊಸಳೆಗಳು ದಂಡಿಯಾಗಿವೆ. ರಾತ್ರಿ ಬರಿಗಾಲಲ್ಲಿ ನಡೆಯಬೇಡಿ, ಚೇಳು, ಮಂಡಲದ ಹಾವುಗಳು ಕಲ್ಲಿನಡಿ ಇರುತ್ತವೆ. ಇನ್ನು ಹೆಸರಿನ ಕತೆ. 1888ರ ಮಾರ್ಚಿನಲ್ಲಿ ಯುರೋಪಿನ ಅನ್ವೇಷಕ ಕೌಂಟ್ ಟೆಲೆಕಿ ಇಲ್ಲಿಗೆ ಕಾಲುನಡಿಗೆಯಲ್ಲಿ ಬಂದು ಸರೋವರಕ್ಕೆ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಹೆಸರಿಟ್ಟ. ದಡದ ಜನ ಅದಕ್ಕೆ ಮೊದಲೂ ಇದ್ದರು, ಆಮೇಲೂ ಇದ್ದರು. 1975ರಲ್ಲಿ ಸರೋವರಕ್ಕೆ ಅವರದೇ, ಅಂದರೆ ತುರ್ಕಾನ ಜನರ, ಹೆಸರು ಬಂತು.

ಹೋಗಿ. ಮಾರ್ಚಿನಿಂದ ಮೇವರೆಗಿನ ಮಳೆಯನ್ನೂ ನವೆಂಬರಿನ ಮಳೆಯನ್ನೂ ತಪ್ಪಿಸಿ, ಆಗ ಒಣಹಳ್ಳಗಳು ಕ್ಷಣಾರ್ಧದಲ್ಲಿ ತುಂಬಿ ದಾರಿ ಕಡಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್, ಇಲ್ಲವೇ ಜನವರಿ, ಫೆಬ್ರವರಿ ಸರಿ. ಎರಡು ಗಾಡಿ ಜೊತೆಯಾಗಿ, ಹಗಲಲ್ಲಿ ಮಾತ್ರ ಓಡಿಸಿ. ದನ ಕದಿಯುವ ಗುಂಪುಗಳ ಕಾದಾಟ ಆಗಾಗ ಭುಗಿಲೇಳುವ ಸೀಮೆ ಅದು, ಇಸಿಯೊಲೊದಲ್ಲೂ ಲೈಸಾಮಿಸ್‌ನಲ್ಲೂ ಪೊಲೀಸರನ್ನು ಕೇಳಿಯೇ ಮುಂದೆ ಹೊರಡಿ. ಪ್ಲಾಸ್ಟಿಕ್ ಚೀಲ ಕೀನ್ಯಾದಲ್ಲಿ 2017ರಿಂದಲೇ ನಿಷಿದ್ಧ, ಬಾಟಲಿಗಳನ್ನೂ ತಿರುಗಿ ನೈರೋಬಿಗೇ ತನ್ನಿ. ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ. ಮೀನು ತಿನ್ನುವವರಾದರೆ ಎಲ್ ಮೊಲೊ ಜನರಿಂದಲೇ ಕೊಳ್ಳಿ, ತಿನ್ನದವರು ಅವರು ಹೆಣೆದ ಬುಟ್ಟಿಯನ್ನಾದರೂ ಕೊಳ್ಳಿ. ಊರಿಂದ ಬರುವ ಅಪ್ಪ ಅಮ್ಮನ ಮೈಯಲ್ಲಿ ಕಸುವಿದ್ದರೆ ಈ ಸಲ ಮಾರಾ ಬಿಟ್ಟು ಅವರನ್ನೂ ಇಲ್ಲಿಗೇ ಕರೆದುಕೊಂಡು ಬನ್ನಿ.